ನಕಾಶೆಯಿಂದ ಜಾರಿದ ಬಂದರು

ಬ್ರಿಟಿಷ್ ಇಂಡಿಯಾದ ಆಡುಮಾತಿನ ಕಣಜವೆಂದೇ ಹೆಸರಾದ ‘ಹಾಬ್ಸನ್-ಜಾಬ್ಸನ್’ ಪದಕೋಶ ಅಚ್ಚಾದದ್ದು 1886ರಲ್ಲಿ. ಅದರಲ್ಲಿ ‘ಬಾಕನೋರ್ ಮತ್ತು ಬಾರ್ಸೆಲೋರ್’ ಎಂದೊಂದು ನಮೂದು ಇದೆ. ಕೆನರಾ ಕರಾವಳಿಯ ಈ ಜೋಡಿ ಬಂದರುಗಳು ಹಳೆಯ ಪ್ರವಾಸಕಥನಗಳಲ್ಲೆಲ್ಲ ಒಟ್ಟೊಟ್ಟಿಗೆ ಬರುತ್ತವೆ. ಆ ಹೊತ್ತಿನ ನಕಾಶೆಗಳಲ್ಲಾಗಲೀ ನಾವಿಕರ ಕೈಪಿಡಿಗಳಲ್ಲಾಗಲೀ ಅವುಗಳ ಸುಳಿವೇ ಇರಲಿಲ್ಲ. ಎಲ್ಲಿದ್ದವು ಎಂದು ಬೊಟ್ಟು ಮಾಡಿ ಹೇಳುವುದೇ ಕಷ್ಟ ಎಂಬುದು ಸಂಪಾದಕರ ಪೇಚಾಟ.

ತಮಾಷೆಯೆಂದರೆ ಪದಕೋಶದ ಇಬ್ಬರು ಸಂಪಾದಕರಲ್ಲಿ ಒಬ್ಬರಾದ ಎ.ಸಿ. ಬರ್ನೆಲ್ ಮಂಗಳೂರಿನಲ್ಲೇ ನ್ಯಾಯಾಧೀಶರಾಗಿದ್ದವರು, ತುಳುನಾಡಿನ ಭೂತಾರಾಧನೆಯ ಬಗ್ಗೆ ಸಾಮಗ್ರಿ ಕಲೆಹಾಕಿದವರು. ಅವರಿದ್ದ ಜಿಲ್ಲೆಯ ಬಡಗು ಭಾಗದಲ್ಲಿ ಆ ಬಂದರುಗಳು ಇದ್ದಲ್ಲೇ ಇದ್ದವು. ಬಾಕನೋರ್ ಎಂದರೆ ಬಾರ್ಕೂರು, ಬಾರ್ಸೆಲೋರ್ ಎಂದರೆ ಬಸ್ರೂರು. ಬಸ್ರೂರಿನಲ್ಲಿ ವಾರಾಹಿ ಹೊಳೆ ಹರಿಯುತ್ತಿತ್ತು, ಮಹಾಲಿಂಗೇಶ್ವರನಿಗೆ ಪೂಜೆ ನಡೆಯುತ್ತಿತ್ತು, ಬಯಲಿನಲ್ಲಿ ಭತ್ತ ತೆನೆಗಟ್ಟುತ್ತಿತ್ತು. ಕುಂದಾಪುರದಿಂದ ಎತ್ತಿನ ಗಾಡಿ ಹೂಡಿದರೆ ಹೊತ್ತೇರುವ ಮೊದಲೇ ತಲುಪಬಹುದಾದ ಊರು, ಲಂಡನ್ನಿನ ಕಪಾಟುಗಳಲ್ಲಿ ಕಾಣೆಯಾದವರ ಪಟ್ಟಿಗೆ ಸೇರಿಹೋಗಿತ್ತು.

ಇಂದು ಆ ಗೊಂದಲ ಇಲ್ಲ. ಆದರೆ ಬಸ್ರೂರಿನವರು ತಮ್ಮೂರಿನ ಹಳೆಯ ರೂಪ ನೋಡಬೇಕೆಂದರೆ ಹೋಗಬೇಕಾದ ದಾರಿ ಈಗಲೂ ವಿಚಿತ್ರವಾಗಿಯೇ ಇದೆ. ಪೋರ್ಚುಗಲ್‌ನ ಎವೋರಾ, ಲಂಡನ್, ಹೇಗ್, ಪಣಜಿ, ಚೆನ್ನೈನ ಎಗ್ಮೋರ್ — ಬಸ್ರೂರು ಹೀಗೆ ಹಂಚಿಹೋಗಿದೆ. ಯಾರ ಕೈಯಲ್ಲಿ ಯಾವ ತುಂಡು ಉಳಿಯಿತು ಎಂಬುದು ಯಾರಿಗೆ ಈ ಊರಿನಿಂದ ಏನು ಬೇಕಿತ್ತು ಎಂಬುದರ ಮೇಲೆ ನಿಂತಿದೆ. ಒಂದು ಕಾಲದಲ್ಲಿ ಬಹುತೇಕ ಎಲ್ಲರಿಗೂ ಬೇಕಿದ್ದದ್ದು ಒಂದೇ: ಅಕ್ಕಿ.

14ನೆಯ ಶತಮಾನದಲ್ಲಿ ಇಬ್ನ್ ಬತೂತಾ ಈ ದಾರಿಯಾಗಿ ಹೋದಾಗ ‘ಅಬು ಸರೂರ್’ ಎಂಬ ಪುಟ್ಟ ಊರನ್ನು ಕಂಡ. ದೊಡ್ಡ ಹೊಳೆಯ ಬದಿಯಲ್ಲಿ ತೆಂಗಿನ ತೋಟಗಳ ನಡುವೆ ಇದ್ದ ಆ ಊರನ್ನು ಬಸ್ರೂರೆಂದೇ ವಿದ್ವಾಂಸರು ಗುರುತಿಸುತ್ತಾರೆ. ಮುಂದೆ 1516ರ ಸುಮಾರಿಗೆ ಬರೆದ ದುವಾರ್ತೆ ಬಾರ್ಬೋಸನಿಗೆ ಇದು ಹಡಗುಗಟ್ಟಲೆ ಅಕ್ಕಿ ಹೊರಡುವ ಬಂದರು. ಮಲಬಾರಿನವರು ತೆಂಗು, ಎಣ್ಣೆ, ಬೆಲ್ಲ ತಂದು ಇಳಿಸಿ ಅಕ್ಕಿ ತುಂಬಿಕೊಂಡು ಹೋಗುತ್ತಿದ್ದರು. ಅರಬ್ಬಿ ಸಮುದ್ರದಾಚೆಯ ಹೊರ್ಮುಜ್‌ವರೆಗೂ ಈ ಕರಾವಳಿಯ ಅಕ್ಕಿ ಹೋಗುತ್ತಿತ್ತು. ಗೋವೆಯಲ್ಲಿ ನೆಲೆಯೂರಿದ ಪೋರ್ಚುಗೀಸರಿಗೆ ಕರಿಮೆಣಸು ಲಾಭದ ಮಾತಾದರೆ ಕೆನರಾದ ಅಕ್ಕಿ ಹೊಟ್ಟೆಯ ಮಾತು. 1569ರಲ್ಲಿ ವೈಸರಾಯ್ ಲೂಯಿಸ್ ದೆ ಅತಾಯಿದೆ ಬಾರ್ಸೆಲೋರನ್ನು ಹಿಡಿದು ಕೋಟೆ ಕಟ್ಟಿಸಿದ್ದರ ಹಿಂದಿನ ಲೆಕ್ಕಾಚಾರದಲ್ಲಿ ಇವೆರಡೂ ಇದ್ದವು. ಇತಿಹಾಸಕಾರ ಸಂಜಯ್ ಸುಬ್ರಹ್ಮಣ್ಯಂ 1984ರಲ್ಲಿ ಪ್ರಕಟಿಸಿದ, ಬಸ್ರೂರು ಮತ್ತು ಅಕ್ಕಿ ವ್ಯಾಪಾರದ ಕುರಿತ ದೀರ್ಘ ಪ್ರಬಂಧ ಈ ಕಥೆಯನ್ನು ಬಿಡಿಸಿ ಹೇಳುತ್ತದೆ.

ಆ ಕೋಟೆಯ ಚಿತ್ರವೇ ಬಸ್ರೂರಿನ ನಕಾಶೆಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿಯಾದದ್ದು. ಅದು ಹುಟ್ಟಿದ ಬಗೆಯೂ ಸ್ವಾರಸ್ಯದ್ದು. ಆಗ ಸ್ಪೇನ್ ಮತ್ತು ಪೋರ್ಚುಗಲ್ ಎರಡೂ ಒಬ್ಬನೇ ದೊರೆಯ ಕೈಕೆಳಗಿದ್ದವು. ಪೂರ್ವದಲ್ಲಿ ತನ್ನ ಆಸ್ತಿ ಏನೇನಿದೆ, ಕೋಟೆಗಳೆಷ್ಟು, ಫಿರಂಗಿಗಳೆಷ್ಟು, ಖರ್ಚೆಷ್ಟು ಎಂದು ಫಿಲಿಪ್ ದೊರೆ ಲೆಕ್ಕ ಕೇಳಿದ. ಗೋವೆಯಲ್ಲಿ ಸರಕಾರಿ ಚರಿತ್ರೆಕಾರನೂ ದಫ್ತರಖಾನೆಯ ಪಾಲಕನೂ ಆಗಿದ್ದ ಅಂತೋನಿಯೊ ಬೊಕಾರೊ ವಿವರಗಳನ್ನು ಬರೆದ. ವೈಸರಾಯನ ಕಾರ್ಯದರ್ಶಿ ಪೆದ್ರೊ ಬಾರೆತೊ ದೆ ರೆಸೆಂದೆ ಚಿತ್ರಗಳನ್ನು ಒದಗಿಸಿದ. 1635ರಲ್ಲಿ ಸಿದ್ಧವಾದ ಈ ಕೋಟೆ-ಪಟ್ಟಣಗಳ ಪುಸ್ತಕದಲ್ಲಿ ಆಫ್ರಿಕಾದ ಸೋಫಾಲದಿಂದ ಚೀನಾದ ಮಕಾವುವರೆಗಿನ ಠಾಣೆಗಳಿವೆ. ನಮ್ಮ ಕರಾವಳಿಯ ಹೊನ್ನಾವರ, ಬಾರ್ಸೆಲೋರ್, ಮಂಗಳೂರು, ಜೊತೆಗೆ ‘ಕಂಬೋಲಿಂ’ ಎಂಬ ಹೆಸರಿನಲ್ಲಿ ಗಂಗೊಳ್ಳಿ ಕೂಡ ಇವೆ.

ಈ ಪುಸ್ತಕದ ಹಾಳೆಗಳನ್ನು ಇಂದಿನ ಅರ್ಥದಲ್ಲಿ ನಕಾಶೆ ಎನ್ನುವುದು ಕಷ್ಟ. ಎತ್ತರದಿಂದ ಓರೆಯಾಗಿ ನೋಡಿದ ಹಾಗೆ ಬಿಡಿಸಿದ, ಬಣ್ಣ ಹಚ್ಚಿದ ಚಿತ್ರಗಳು ಅವು. ಗೋಡೆಗಳು ದಪ್ಪ, ಕೊತ್ತಳಗಳು ಊರಿಗಿಂತ ದೊಡ್ಡವು, ಮನೆಗಳ ಚಾವಣಿ ಕೆಂಪು, ನೀರಿನ ಮೇಲೆ ಅಲ್ಲಲ್ಲಿ ದೋಣಿ. ಬಾರ್ಸೆಲೋರ್ ಹಾಳೆಯೂ ಇದೇ ಜಾಯಮಾನದ್ದು. ಕೋಟೆ ನಡುವೆ ಬಂದು ಕೂತಿದೆ. ಪೋರ್ಚುಗೀಸ್ ಸಂಸಾರಗಳ ಮನೆಗಳು ಅದರ ಆಸರೆಯಲ್ಲಿವೆ. ಸಾವಿರಾರು ಜನ ಬಾಳಿದ, ವ್ಯಾಪಾರಿಗಳೇ ತಮ್ಮ ಆಡಳಿತ ನೋಡಿಕೊಳ್ಳುತ್ತಿದ್ದ ನಿಜವಾದ ಬಸ್ರೂರು, ಅಂದರೆ ಹೊಳೆಯ ಮೇಲ್ಭಾಗದ ಊರು, ಚಿತ್ರಕಾರನ ಕಾಳಜಿಯ ಹೊರಗಿದೆ. ದೊರೆಗೆ ಬೇಕಿದ್ದದ್ದು ಕೋಟೆಯ ಲೆಕ್ಕ. ಪೇಟೆಯ ಬೀದಿಗಳನ್ನು ಎಣಿಸಲು ಯಾರೂ ಹೇಳಿರಲಿಲ್ಲ.

ಎರಡು ಬಸ್ರೂರುಗಳಿದ್ದವು ಎಂಬುದನ್ನು ಕಣ್ಣಾರೆ ಕಂಡು ಬರೆದವನು ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ. 1623ರಲ್ಲಿ ಇಕ್ಕೇರಿಯಲ್ಲಿ ಕೆಳದಿಯ ದೊರೆ ವೆಂಕಟಪ್ಪ ನಾಯಕನ ಆಸ್ಥಾನ ನೋಡಿಕೊಂಡು ಘಟ್ಟವಿಳಿದು ಬಂದ ಈತ, ಮೇಲಿನ ಬಾರ್ಸೆಲೋರ್ ನಾಯಕನಿಗೆ ಸೇರಿದ್ದು, ಕೆಳಗಿನದು ಸಮುದ್ರದ ಕಡೆ ಇರುವ ಪೋರ್ಚುಗೀಸರದ್ದು ಎಂದು ಬೇರೆಬೇರೆಯಾಗಿ ಗುರುತಿಸುತ್ತಾನೆ. ಈ ಕರಾವಳಿಯ ಹೆಚ್ಚಿನ ಊರುಗಳಲ್ಲಿ ಹೀಗೆಯೇ, ಒಂದೇ ಹೆಸರಿನ ಒಳಗಿನ ಊರೊಂದು, ತೀರದ ಊರೊಂದು ಇರುತ್ತದೆ ಎಂದೂ ಸೇರಿಸುತ್ತಾನೆ. ರೆಸೆಂದೆಯ ಹಾಳೆಯನ್ನು ಓದುವವರು ದೆಲ್ಲಾ ವಾಲೆಯ ಈ ಮಾತನ್ನು ಪಕ್ಕದಲ್ಲಿಟ್ಟುಕೊಳ್ಳದಿದ್ದರೆ ಅರ್ಧ ಬಸ್ರೂರನ್ನೇ ಪೂರ್ತಿ ಬಸ್ರೂರೆಂದು ನಂಬುವ ಅಪಾಯವಿದೆ. ಅಂತರ್ಜಾಲದಲ್ಲಿ ಈ ಚಿತ್ರವನ್ನು ‘ಬಸ್ರೂರು ಪಟ್ಟಣ’ ಎಂದು ಹಂಚಿಕೊಳ್ಳುವವರು ಮಾಡುವುದು ಅದನ್ನೇ.

ಪುಸ್ತಕದ ಮುಖ್ಯ ಪ್ರತಿ ಎವೋರಾದ ಸಾರ್ವಜನಿಕ ಗ್ರಂಥಾಲಯದಲ್ಲಿದೆ. ರೆಸೆಂದೆ ಆಮೇಲೆ ತನ್ನದೇ ಬರಹದೊಂದಿಗೆ ಸಿದ್ಧಪಡಿಸಿದ 1646ರ ಪ್ರತಿಯೊಂದು ಲಂಡನ್ ಸೇರಿ ವೈದ್ಯ ಹಾನ್ಸ್ ಸ್ಲೋನ್‌ನ ಸಂಗ್ರಹಕ್ಕೆ ಬಂತು. ಸ್ಲೋನ್ ಸತ್ತಾಗ ಅವನ ರಾಶಿ ರಾಶಿ ವಸ್ತುಗಳಿಂದಲೇ 1753ರಲ್ಲಿ ಬ್ರಿಟಿಷ್ ಮ್ಯೂಸಿಯಂ ಹುಟ್ಟಿತು. ಹಾಗಾಗಿ ಕೆನರಾದ ಕೋಟೆಗಳ ಚಿತ್ರಗಳು ಇಂದು, ಆ ಮ್ಯೂಸಿಯಂನ ಗ್ರಂಥಭಂಡಾರ ಸೇರಿದ ಬ್ರಿಟಿಷ್ ಲೈಬ್ರರಿಯಲ್ಲಿ ‘ಸ್ಲೋನ್ 197’ ಎಂಬ ಸಂಖ್ಯೆಯ ಕೆಳಗೆ ಕೂತಿವೆ. ಎವೋರಾದ ಪ್ರತಿಯನ್ನು ಲಿಸ್ಬನ್ನಿನಲ್ಲಿ 1992ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿದರು. ಹೀಗೆ ಅಲ್ಲೊಂದು ಇಲ್ಲೊಂದು ಪ್ರತಿ ಚದುರಿಕೊಂಡಿದ್ದೇ ಒಳ್ಳೆಯದಾಯಿತು ಎನ್ನಬೇಕು. 1755ರ ನವೆಂಬರ್ 1ರಂದು ಲಿಸ್ಬನ್ ಭೂಕಂಪ, ಬೆಂಕಿ, ಸಮುದ್ರದ ಅಲೆ ಮೂರಕ್ಕೂ ಒಮ್ಮೆಗೇ ಸಿಕ್ಕಿಬಿದ್ದಾಗ, ಭಾರತದ ಹಡಗು ದಾರಿಗಳ ಮೂಲ ಪಟಗಳನ್ನು ಇಟ್ಟಿದ್ದ ಇಂಡಿಯಾ ಹೌಸ್ ಎಂಬ ಸರಕಾರಿ ಕಚೇರಿ ಕುಸಿದು ಸುಟ್ಟುಹೋಯಿತು. ಕೀಲಿ ಹಾಕಿ ಕಾಪಾಡಿದ್ದು ಹೋಯಿತು. ಉಳಿದದ್ದರಲ್ಲಿ ಹೆಚ್ಚಿನವು ಕದ್ದದ್ದು, ನಕಲು ಮಾಡಿದ್ದು, ಉಡುಗೊರೆ ಕೊಟ್ಟದ್ದು.

ಕದ್ದದ್ದರ ಮಾತು ಬಂದರೆ 1502ರ ಕಾಂತಿನೊ ನಕಾಶೆಯನ್ನು ಬಿಡಲಾಗದು. ಭಾರತದ ಪರ್ಯಾಯದ್ವೀಪ ತನ್ನ ಗುರುತು ಸಿಗುವ ತ್ರಿಕೋನಾಕಾರದಲ್ಲಿ ಕಾಣುವ ಮೊದಮೊದಲ ಯುರೋಪಿಯನ್ ಪಟಗಳಲ್ಲಿ ಇದೂ ಒಂದು. ಪೋರ್ಚುಗೀಸರು ಗುಟ್ಟಾಗಿಟ್ಟಿದ್ದ ಮಾಹಿತಿಯನ್ನು ಆಲ್ಬೆರ್ತೊ ಕಾಂತಿನೊ ಎಂಬಾತ ಇಟಲಿಯ ಫೆರಾರಾ ನಗರದ ಡ್ಯೂಕ್‌ಗಾಗಿ ಲಿಸ್ಬನ್ನಿನಿಂದ ಸಾಗಿಸಿದ. ಮೂರೂವರೆ ಶತಮಾನ ಅರಮನೆಗಳಲ್ಲಿದ್ದ ಆ ಪಟ 1859ರ ಗಲಭೆಯಲ್ಲಿ ಲೂಟಿಯಾಯಿತು. ಕೊನೆಗೆ ಸಿಕ್ಕಿದ್ದು ಮೊದೇನಾದ ಒಂದು ಮಾಂಸದಂಗಡಿಯಲ್ಲಿ, ಅಡ್ಡಪರದೆಯ ರೂಪದಲ್ಲಿ! ಜುಸೆಪ್ಪೆ ಬೋನಿ ಎಂಬ ಗ್ರಂಥಪಾಲಕ ಅದನ್ನು ಪತ್ತೆ ಮಾಡಿ ಎಸ್ತೆನ್ಸೆ ಗ್ರಂಥಾಲಯಕ್ಕೆ ಮರಳಿಸಿದ. ಗ್ರಂಥಪಾಲಕರ ಕಣ್ಣು ಅಂಗಡಿಗಳಲ್ಲೂ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಪೋರ್ಚುಗೀಸರ ಗುಟ್ಟು ನಿಜವಾಗಿ ಬೀದಿಗೆ ಬಿದ್ದದ್ದು 1596ರಲ್ಲಿ. ಗೋವೆಯ ಆರ್ಚ್‌ಬಿಷಪ್‌ರ ಬಳಿ ಗುಮಾಸ್ತನಾಗಿದ್ದ ಡಚ್ಚ ಯಾನ್ ಹುಯ್ಗೆನ್ ವಾನ್ ಲಿನ್‌ಸ್ಕೋಟನ್ ಊರಿಗೆ ಮರಳಿ ತನ್ನ ಪ್ರವಾಸಕಥನವನ್ನು ನಕಾಶೆಗಳ ಸಮೇತ ಅಚ್ಚು ಹಾಕಿಸಿದ. ಅದರಲ್ಲಿ ಬಾರ್ಸೆಲೋರ್ ಇದೆ, ಅಲ್ಲಿ ಸಿಗುವ ಅಕ್ಕಿ, ಮೆಣಸಿನ ಮಾತೂ ಇದೆ. ಎರಡೇ ವರ್ಷದಲ್ಲಿ ಇಂಗ್ಲಿಷ್ ಅನುವಾದ ಬಂತು. ಅಲ್ಲಿಂದ ಸುಮಾರು ಎರಡು ಶತಮಾನ ಆಮ್‌ಸ್ಟರ್‌ಡ್ಯಾಮ್, ಪ್ಯಾರಿಸ್, ಲಂಡನ್ನಿನ ನಕಾಶೆ ತಯಾರಕರು ಒಬ್ಬರ ಪಟ ನೋಡಿ ಒಬ್ಬರು ಕೆತ್ತುತ್ತ ಹೋದರು. ಬಾರ್ಸೆಲೋರ್, ಬಾರ್ಸಲೂರ್, ಬ್ರಸಲೋರ್ ಎಂದು ಅಕ್ಷರ ಅತ್ತಿತ್ತ ಜಾರಿದರೂ ಹೊನ್ನಾವರಕ್ಕೂ ಮಂಗಳೂರಿಗೂ ನಡುವೆ ಈ ಹೆಸರು ತಪ್ಪುತ್ತಿರಲಿಲ್ಲ.

ಊರಿನ ಹಣೆಬರಹ ಮಾತ್ರ ಬದಲಾಗುತ್ತಿತ್ತು. 1650ರ ದಶಕದ ಮೊದಲ ವರ್ಷಗಳಲ್ಲಿ ಕೆಳದಿಯ ಶಿವಪ್ಪ ನಾಯಕ ಹೊನ್ನಾವರ, ಬಸ್ರೂರು, ಗಂಗೊಳ್ಳಿ, ಮಂಗಳೂರಿನ ಪೋರ್ಚುಗೀಸ್ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. 1665ರ ಫೆಬ್ರವರಿಯಲ್ಲಿ ಶಿವಾಜಿ ಮಾಲ್ವಣದಿಂದ ಹಡಗುಗಳ ದಂಡು ಕಟ್ಟಿಕೊಂಡು ಬಂದು ಊರನ್ನು ಸೂರೆಗೈದ. ಮರಳುವಾಗ ಗೋಕರ್ಣದಲ್ಲಿ ಇಳಿದ. ಬೇರೆಲ್ಲ ಬಿಟ್ಟು ಅಷ್ಟು ದೂರದಿಂದ ಇಲ್ಲಿಗೇ ಬಂದದ್ದು ಬಸ್ರೂರಿನ ಸಿರಿವಂತಿಕೆಗೆ ಸಿಕ್ಕ ದುಬಾರಿ ಪ್ರಮಾಣಪತ್ರ. ಆಮೇಲೆ ಡಚ್ಚರು ಬಂದರು. 1727ರಲ್ಲಿ ಪುಸ್ತಕ ಪ್ರಕಟಿಸಿದ ಸ್ಕಾಟಿಷ್ ನಾವಿಕ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಬಾರ್ಸೆಲೋರ್ ಅಗಲವಾದ ಹೊಳೆಯ ದಂಡೆಯಲ್ಲಿ ಸಮುದ್ರದಿಂದ ಸುಮಾರು ನಾಲ್ಕು ಮೈಲಿ ಒಳಗಿದೆ, ಡಚ್ಚರು ತಮ್ಮ ಕೋಟೆಗಳ ಸೈನಿಕರಿಗೆ ಅಕ್ಕಿ ಕೊಳ್ಳಲೆಂದೇ ಅಲ್ಲಿ ಕೋಠಿ ಇಟ್ಟಿದ್ದಾರೆ ಎಂದು ಬರೆದ. ನಾಲ್ಕು ಮೈಲಿ ಎಂದರೆ ಆರು ಕಿಲೋಮೀಟರಿಗೆ ತುಸು ಹೆಚ್ಚು. ಇವತ್ತು ಕುಂದಾಪುರದಿಂದ ಬಸ್ಸಿನಲ್ಲಿ ಹೋದರೂ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ಡಚ್ ಕಂಪನಿಯ ಪಟಗಳು, ಪತ್ರಗಳು ಹೇಗ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಕಪಾಟು ಕಪಾಟಾಗಿ ಜೋಡಿಸಿಟ್ಟ ಅವುಗಳನ್ನು ಹುಡುಕುವುದು ಸುಲಭ, ಆ ಕಾಲದ ಡಚ್ ಕೈಬರಹ ಓದುವುದು ಮಾತ್ರ ತಪಸ್ಸು.

ಹ್ಯಾಮಿಲ್ಟನ್ ಹೇಳಿದ ಆ ನಾಲ್ಕು ಮೈಲಿಯಲ್ಲೇ ಬಸ್ರೂರಿನ ಏಳೂ ಇದೆ, ಬೀಳೂ ಇದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ ಹೊಳೆಗಳು ಗಂಗೊಳ್ಳಿಯ ಅಳಿವೆಯಲ್ಲಿ ಒಂದಾಗಿ ಕಡಲು ಸೇರುತ್ತವೆ. ಮರವಂತೆಯಲ್ಲಿ ಸೌಪರ್ಣಿಕೆ ಸಮುದ್ರಕ್ಕೆ ಕೂಗಳತೆಯಲ್ಲಿ ಬಂದು, ಸೇರದೆ ತಿರುಗಿ, ತೆಂಕು ಮುಖವಾಗಿ ಹರಿದು ಈ ಅಳಿವೆಗೇ ಬರುತ್ತದೆ. ನಡುವೆ ಕುದ್ರುಗಳೆಂಬ ನಡುಗಡ್ಡೆಗಳು, ಹೊಳೆಗೂ ಕಡಲಿಗೂ ನಡುವೆ ಚಾಚಿದ ಕೋಡಿಯ ಮರಳು ದಿಬ್ಬ. ಸಣ್ಣ ಹಡಗುಗಳ ಕಾಲದಲ್ಲಿ ಒಳಗಿನ ಊರಿಗೆ ಇದೇ ಬೇಲಿ. ಬಿರುಗಾಳಿಯಿಂದಲೂ ಕಡಲ್ಗಳ್ಳರಿಂದಲೂ ದೂರ. ಘಟ್ಟದಿಂದ ಇಳಿದು ಬರುವ ಮೆಣಸಿಗೂ ಬಯಲಿನ ಅಕ್ಕಿಗೂ ಹತ್ತಿರ. ಹಡಗುಗಳು ದೊಡ್ಡವಾದಂತೆ, ಅಳಿವೆಯಲ್ಲಿ ಮರಳು ತುಂಬಿದಂತೆ ಅದೇ ದೂರ ಹೊರೆಯಾಯಿತು. ವ್ಯಾಪಾರ ಕುಂದಾಪುರದತ್ತ ಇಳಿಯಿತು. ನಾವಿಕರಿಗೆ ಬೇಡವಾದ ಊರು ಅವರ ಪಟಗಳಿಗೂ ಬೇಡವಾಯಿತು. ಹಾಬ್ಸನ್-ಜಾಬ್ಸನ್ ಸಂಪಾದಕರು ತಡಕಾಡಿದ್ದು ಈ ಖಾಲಿ ಜಾಗದಲ್ಲಿ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ನಕಾಶೆಯ ಅಗತ್ಯವೂ ಮಗ್ಗುಲು ಬದಲಿಸಿತು. ಬಂದರಿನಿಂದ ಬಂದರಿಗೆ ಹೋಗುವ ದಾರಿಗಿಂತ ಒಳನಾಡಿನ ನೆಲ ಎಷ್ಟಿದೆ ಎಂಬುದು ಮುಖ್ಯವಾಯಿತು. 1802ರ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ಸರಪಳಿ ಹಾಸಿ ಶುರುಮಾಡಿದ ತ್ರಿಕೋನ ಮಾಪನ ಬೆಂಗಳೂರು ದಾಟಿ ಮಂಗಳೂರು ತೀರ ಮುಟ್ಟಿದಾಗ, ಎರಡು ಕಡಲುಗಳ ನಡುವಿನ ಅಂತರ ಅದುವರೆಗೆ ನಂಬಿದ್ದ 400 ಮೈಲಿಯಲ್ಲ, 360 ಮಾತ್ರ ಎಂದು ತಿಳಿಯಿತು. ಕಂಪನಿಯ ಸೀಮೆ ಒಂದೇ ಏಟಿಗೆ 40 ಮೈಲಿ ಕುಗ್ಗಿತು!

ಕಂದಾಯದ ಸರ್ವೆ ಮಾತ್ರ ದಕ್ಷಿಣ ಕನ್ನಡಕ್ಕೆ ತಡವಾಗಿ, 19ನೆಯ ಶತಮಾನದ ಕೊನೆಗೆ ಬಂತು. ಅದಕ್ಕೆ ಮೊದಲು ಗದ್ದೆಯ ಅಳತೆ ಬಿತ್ತುವ ಬೀಜದ ಮೇಲೆ: ಇಷ್ಟು ಮುಡಿ ಗದ್ದೆ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಮದ್ರಾಸ್ ಪದ್ಧತಿಯ ಸರ್ವೆಯವರು 66 ಅಡಿಯ, ನೂರು ಕೊಂಡಿಗಳ ಸರಪಳಿ ತಂದರು. ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದದ್ದರ ಗುರುತು ಇವತ್ತಿಗೂ ಜನರ ನಾಲಿಗೆಯ ಮೇಲಿದೆ. ಬಸ್ರೂರಿನಲ್ಲಿ ಮನೆ ಜಾಗ ಕೊಳ್ಳುವವರು ‘ಎಷ್ಟು ಸೆಂಟ್ಸ್?’ ಎಂದೇ ಕೇಳುವುದು. ಘಟ್ಟ ಹತ್ತಿ ಹೊಸನಗರಕ್ಕೆ ಹೋದರೆ ಅದೇ ಪ್ರಶ್ನೆ ‘ಎಷ್ಟು ಗುಂಟೆ?’ ಎಂದಾಗುತ್ತದೆ. ಕೆಳಗೆ ಎಕರೆಗೆ ನೂರು ಸೆಂಟ್ಸ್, ಮೇಲೆ ಎಕರೆಗೆ ನಲವತ್ತು ಗುಂಟೆ. ಮೈಸೂರು ಸೀಮೆಯವರು ಅನುಸರಿಸಿದ್ದು ಮುಂಬಯಿ ಪದ್ಧತಿ. ಮದ್ರಾಸ್ ಪ್ರೆಸಿಡೆನ್ಸಿಗೂ ಮೈಸೂರು ಸಂಸ್ಥಾನಕ್ಕೂ ನಡುವಿನ ಗಡಿ ಅಳಿಸಿ ಎಷ್ಟೋ ದಶಕವಾದರೂ ಘಟ್ಟದ ಅಂಚಿನಲ್ಲಿ ಲೆಕ್ಕ ಇನ್ನೂ ಬದಲಾಗುತ್ತದೆ.

ಈ ಸರ್ವೆಯ ಫಲವೇ ಎಫ್‌ಎಂಬಿ, ಅಂದರೆ ‘ಫೀಲ್ಡ್ ಮೆಷರ್‌ಮೆಂಟ್ ಬುಕ್’. ತಾಲೂಕು ಕಚೇರಿಗೆ ಅಲೆದವರಿಗೆಲ್ಲ ಗೊತ್ತಿರುವ ಈ ಮೂರಕ್ಷರದ ಪುಸ್ತಕವನ್ನು ಇತಿಹಾಸದ ದಾಖಲೆಯೆಂದು ಯಾರೂ ತೆರೆಯುವುದಿಲ್ಲ. ಬದುವಿನ ಜಗಳಕ್ಕಷ್ಟೇ ತೆರೆಯುತ್ತಾರೆ. ಒಂದು ಸರ್ವೆ ನಂಬರಿಗೆ ಒಂದು ಹಾಳೆ. ನಡುವೆ ಚುಕ್ಕಿ ಗೆರೆಯ ಆಧಾರ ರೇಖೆ, ಅದರಿಂದ ಎಡಕ್ಕೂ ಬಲಕ್ಕೂ ಬದುವಿನ ತಿರುವುಗಳವರೆಗೆ ಎಳೆದ ಅಡ್ಡ ಅಳತೆಗಳು, ಪ್ರತಿಯೊಂದರ ಪಕ್ಕ ಕೊಂಡಿಗಳ ಲೆಕ್ಕ, ಗಡಿಕಲ್ಲುಗಳ ಗುರುತು, ಸುತ್ತ ಅಕ್ಕಪಕ್ಕದ ಸರ್ವೆ ನಂಬರುಗಳು. ಗದ್ದೆಯ ಅಂಚು ಯಾಕೆ ಇಲ್ಲಿ ಡೊಂಕು, ಅಲ್ಲಿ ನೇರ ಎಂದು ಕೇಳುತ್ತ ಹೋದರೆ ಹಳೆಯ ಕಾಲುವೆ, ಮುಚ್ಚಿದ ಕೆರೆ, ನೆಲಸಮವಾದ ಮಣ್ಣಿನ ಕೋಟೆಯ ಕಂದಕ ಹೊರಬೀಳುವುದುಂಟು. ಯುರೋಪಿನಲ್ಲಿ ಕಣ್ಮರೆಯಾದ ಹಳ್ಳಿಗಳನ್ನು ಪತ್ತೆ ಹಚ್ಚುವ ಸಂಶೋಧಕರಿಗೆ ಇಂಥ ಕಂದಾಯ ನಕ್ಷೆಗಳ ವಕ್ರರೇಖೆಗಳೂ ನೆರವಾಗುತ್ತವೆ. ರೆಸೆಂದೆಯ ಬಣ್ಣದ ಚಿತ್ರಕ್ಕಿಂತ ಈ ಬಡಕಲು ಹಾಳೆಗಳಲ್ಲೇ ಬಸ್ರೂರಿನ ನೆಲದ ನಿಜ ಹೆಚ್ಚು ಇದೆ ಎಂದರೆ ತಪ್ಪಲ್ಲ.

ಆದರೆ ಹಳೆಯ ಜಿಲ್ಲಾ ದಾಖಲೆಗಳು ಎಲ್ಲಿವೆ? ಒಂದೇ ಕೆನರಾ ಜಿಲ್ಲೆ 1860ರ ಆಸುಪಾಸಿನಲ್ಲಿ ಇಬ್ಭಾಗವಾದಾಗ ಕುಂದಾಪುರ ತಾಲೂಕು ಮೊದಲು ಉತ್ತರಕ್ಕೆ ಸೇರಿತ್ತು. 1862ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಹೋದಾಗ ಕುಂದಾಪುರ ದಕ್ಷಿಣಕ್ಕೆ ಸೇರಿ, ಮದ್ರಾಸಿನ ಕೈಯಲ್ಲೇ ಉಳಿಯಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಆಡಳಿತ ಬಂತು, ಹಳೆಯ ಕಡತಗಳು ಬರಲಿಲ್ಲ. ಕಂಪನಿ ಕಾಲದ ದಕ್ಷಿಣ ಕೆನರಾ ಜಿಲ್ಲಾ ದಾಖಲೆಗಳಿಗಾಗಿ ಸಂಶೋಧಕರು ಇಂದಿಗೂ ಎಗ್ಮೋರಿನ ತಮಿಳುನಾಡು ಪತ್ರಾಗಾರದ ಕೆಂಪು ಕಟ್ಟಡಕ್ಕೇ ಹೋಗುತ್ತಾರೆ. 1997ರಲ್ಲಿ ಉಡುಪಿ ಜಿಲ್ಲೆಯಾಯಿತು, ಆಮೇಲೆ ಬೈಂದೂರು, ಬ್ರಹ್ಮಾವರ ತಾಲೂಕುಗಳಾದವು. ಗಡಿ ಬದಲಾದ ಪ್ರತಿ ಸಲವೂ ಕೆಲವು ಕಟ್ಟುಗಳು ಒಂದು ಕೊಠಡಿಯಿಂದ ಇನ್ನೊಂದಕ್ಕೆ ಹೋಗುತ್ತವೆ. ಕಡತಗಳನ್ನು ಸಾಗಾಟದಷ್ಟು ಒರಲೆಯೂ ಕೊಲ್ಲುವುದಿಲ್ಲ.

ಸ್ವತಂತ್ರ ಭಾರತದಲ್ಲಿ ಇನ್ನೊಂದು ವಿಪರ್ಯಾಸ ನಡೆಯಿತು. 1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾದ ವಿವರವಾದ ನಕಾಶೆಗಳಲ್ಲಿ, ಗಡಿ ಮತ್ತು ಕಡಲತೀರದಿಂದ ಸುಮಾರು 80 ಕಿಲೋಮೀಟರ್ ಒಳಗಿನ ಪಟ್ಟಿಯವು ನಿರ್ಬಂಧಿತವಾಗಿದ್ದವು. ಉಡುಪಿ ಜಿಲ್ಲೆ ಇಡಿಯಾಗಿ ಅದರೊಳಗೆ. ಬಸ್ರೂರು ಬರುವ ‘48ಕೆ’ ಸರಣಿಯ ಹಾಳೆ ಬೇಕೆಂದರೆ ಕಾಲೇಜು ಮೇಷ್ಟರು ಅರ್ಜಿ ಹಾಕಿ, ಒಪ್ಪಿಗೆ ಪಡೆದು, ಜೋಪಾನ ಮಾಡುವ ಮುಚ್ಚಳಿಕೆ ಬರೆದುಕೊಡಬೇಕಿತ್ತು. ಅದೇ ಹೊತ್ತಿನಲ್ಲಿ ಅಮೆರಿಕದ ಸೇನೆ 1950ರ ದಶಕದಲ್ಲಿ ಅಚ್ಚು ಹಾಕಿದ ಭಾರತದ ನಕಾಶೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿತ್ತು. ನಮ್ಮ ಎಷ್ಟೋ ಪಿಎಚ್‌ಡಿ ಪ್ರಬಂಧಗಳ ನಕಾಶೆಗಳು ಅಲ್ಲಿಂದ ಇಳಿಸಿಕೊಂಡವು. 2005ರ ನಕಾಶೆ ನೀತಿ ಸ್ವಲ್ಪ ಸಡಿಲಿಸಿತು. 2021ರ ಫೆಬ್ರವರಿಯ ಹೊಸ ಮಾರ್ಗಸೂಚಿಗಳು ಬಹುಪಾಲು ಬಾಗಿಲು ತೆರೆದವು. ಈಗ ಬಸ್ರೂರಿನ ರೈತ ಮೊಬೈಲಿನಲ್ಲಿ ‘ದಿಶಾಂಕ್’ ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರ್ ತೆರೆಯ ಮೇಲೆ ಬರುತ್ತದೆ.

ಹಾಗಾದರೆ ಪೋರ್ಚುಗೀಸರು ಬಿಡಿಸದೆ ಬಿಟ್ಟ ಮೇಲಿನ ಬಸ್ರೂರಿಗೆ ನಕಾಶೆಯೇ ಇಲ್ಲವೆ? ಇದೆ, ಕಲ್ಲಿನ ಮೇಲೆ, ಮಾತಿನಲ್ಲಿ. ದಾನ ಕೊಟ್ಟ ಭೂಮಿಯ ಚತುಸ್ಸೀಮೆಯನ್ನು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಸುತ್ತಿ ಬರುವ ಶಾಸನ ಒಂದು ಗೆರೆಯನ್ನೂ ಎಳೆಯದೆ ಗಡಿ ಹಾಕುತ್ತದೆ: ಈ ತೋಡು, ಆ ಕಟ್ಟ, ಇಂಥವರ ಗದ್ದೆ, ನೆಟ್ಟ ಕಲ್ಲು. ಬಸ್ರೂರಿನ ವಿಜಯನಗರ ಕಾಲದ ಶಾಸನಗಳಲ್ಲಿ ಕೇರಿಗಳಿವೆ, ಕೇರಿಗಳ ವ್ಯಾಪಾರಿ ಸಂಘಟನೆಯಾದ ‘ಹಲರು’ ಇದ್ದಾರೆ. ಕರಾವಳಿಯ ಬಂದರುಗಳಲ್ಲಿ ವಿದೇಶಿ ವರ್ತಕರ ‘ಹಂಜಮಾನ’ವೂ ಕಾಣಸಿಗುತ್ತದೆ. ಮೂಡುಕೇರಿ, ಪಡುಕೇರಿ, ಮಂಡಿಕೇರಿ, ವಿಲಾಸಕೇರಿ ಎಂಬ ಹೆಸರುಗಳನ್ನು ಊರಿನ ಹಿರಿಯರು ಹಾಗೇ ಹೇಳುತ್ತಾರೆ. ಶಾಸನದ ಕೇರಿ, ಬಾಯಿಮಾತಿನ ಕೇರಿ, ಎಫ್‌ಎಂಬಿಯ ಸರ್ವೆ ನಂಬರ್ ಮೂರನ್ನೂ ಒಂದರ ಮೇಲೊಂದು ಇಟ್ಟರೆ ಮೇಲಿನ ಬಸ್ರೂರಿನ ಬೀದಿಗಳು ಮೂಡಿಬಂದಾವು.

ಈ ಕೆಲಸಕ್ಕೆ ಬೇಕಾದ ಸಾಮಗ್ರಿ ಅಷ್ಟೇನೂ ದೂರವಿಲ್ಲ. ದಕ್ಷಿಣ ಕನ್ನಡದ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್’ ಮಾಲೆಯ ಏಳನೆಯ, ಒಂಬತ್ತನೆಯ ಸಂಪುಟಗಳಲ್ಲಿ ಅಚ್ಚಾಗಿವೆ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಮೈಸೂರಿನಲ್ಲೇ ಇದೆ. ಊರೂರು ಅಲೆದು ತುಳುನಾಡಿನ ದೇವಾಲಯ, ಶಾಸನಗಳನ್ನು ದಾಖಲಿಸಿದ ಪಾದೂರು ಗುರುರಾಜ ಭಟ್ಟರ 1975ರ ಬೃಹದ್ಗ್ರಂಥ, ಕೆ.ವಿ. ರಮೇಶರ 1970ರ ದಕ್ಷಿಣ ಕನ್ನಡ ಇತಿಹಾಸ ಇವೆರಡನ್ನೂ ಬಿಟ್ಟು ಬಸ್ರೂರಿನ ಬಗ್ಗೆ ಮಾತಾಡುವಂತೆಯೇ ಇಲ್ಲ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. ಘಟ್ಟದ ಮೇಲೆ ಕೆಳದಿಯಲ್ಲಿ ಗುಂಡಾಜೋಯಿಸರು ಕಟ್ಟಿ ಬೆಳೆಸಿದ ವಸ್ತುಸಂಗ್ರಹಾಲಯವಿದೆ. ಪಣಜಿಯ ಗೋವಾ ಪತ್ರಾಗಾರ 1595ರಷ್ಟು ಹಿಂದೆ, ಚರಿತ್ರೆಕಾರ ದಿಯೊಗೊ ದೊ ಕೌತೊನ ಕೈಯಲ್ಲಿ ಶುರುವಾದದ್ದು. ಗೋವೆಯಿಂದ ಲಿಸ್ಬನ್ನಿಗೆ ಹೋದ ಪತ್ರಗಳಲ್ಲಿ ಬಸ್ರೂರಿನ ಸುದ್ದಿಯೂ ಇರುತ್ತಿತ್ತು. ಪಣಜಿ ರೈಲಿನಲ್ಲಿ ಕುಂದಾಪುರದಿಂದ ಅರ್ಧ ದಿನದ ಹಾದಿ.

ಸಂಗ್ರಹ ಎಂದರೆ ಬರೀ ಬೀಗ ಹಾಕಿಡುವುದಲ್ಲ ಎಂದು ಹಳೆಯ ನಕಾಶೆಗಳ ಹಸಿರು ಬಣ್ಣ ನೋಡಿದರೆ ತಿಳಿಯುತ್ತದೆ. ಕಾಡು, ಗದ್ದೆ, ಕೆಲವೊಮ್ಮೆ ಗಡಿಗೆರೆಗೂ ಹಚ್ಚುತ್ತಿದ್ದ ಆ ಹಸಿರು ತಾಮ್ರದ ಕಿಲುಬಿನಿಂದ ಮಾಡಿದ್ದು. ವರ್ಷಗಳು ಕಳೆದಂತೆ ಅದು ಕಾಗದವನ್ನು ಒಳಗಿಂದ ತಿನ್ನುತ್ತದೆ. ಮೊದಲು ಹಾಳೆಯ ಹಿಂಬದಿಯಲ್ಲಿ ಕಂದು ಕಲೆ, ಆಮೇಲೆ ಬಿರುಕು, ಕೊನೆಗೆ ಗಡಿಯುದ್ದಕ್ಕೂ ಹಾಳೆ ತುಂಡಾಗುತ್ತದೆ. ಕಬ್ಬಿಣ ಬೆರೆತ ಶಾಯಿಯದ್ದೂ ಇದೇ ಚಾಳಿ. ತೇವ ಹೆಚ್ಚಿದಷ್ಟು ಇದಕ್ಕೆ ವೇಗ. ಒಳ್ಳೆಯ ಗ್ರಂಥಾಲಯಗಳು ನಕಾಶೆಗಳನ್ನು ಸುರುಳಿ ಸುತ್ತದೆ, ಮಡಚದೆ, ಅಗಲವಾದ ತೆಳು ಡ್ರಾಯರುಗಳಲ್ಲಿ ಆಮ್ಲವಿಲ್ಲದ ಕಾಗದದ ನಡುವೆ ಮಲಗಿಸಿ, ಗಾಳಿಯ ತೇವವನ್ನು ಶೇಕಡಾ ಐವತ್ತರ ಆಸುಪಾಸಿನಲ್ಲಿ ಹಿಡಿದಿಡುತ್ತವೆ. ಆಷಾಢದ ಮಳೆಗೆ ಗೋಡೆಯೇ ಬೆವರುವ ಕುಂದಾಪುರದಂಥ ಕಡೆ ಇದು ದುಬಾರಿ ವ್ಯವಹಾರ. ಬೆಳ್ಳಿಹುಳ, ಬೂಷ್ಟು, ಒರಲೆ ಮೂರೂ ಇಲ್ಲಿ ಬಾಡಿಗೆ ಕೊಡದ ಒಕ್ಕಲು.

ಆದ್ದರಿಂದ ಡಿಜಿಟಲ್ ಪ್ರತಿಗೆ ಇಲ್ಲಿ ಹೆಚ್ಚಿನ ಬೆಲೆ. ಕ್ಯಾಲಿಫೋರ್ನಿಯಾದ ಡೇವಿಡ್ ರಮ್ಸಿ ಎಂಬ ಸಂಗ್ರಾಹಕ ತನ್ನ ನಕಾಶೆಗಳನ್ನು ಅಂತರ್ಜಾಲಕ್ಕೆ ಹಾಕಿ, ಮೂಲ ಸಂಗ್ರಹವನ್ನು ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯಕ್ಕೆ ಕೊಟ್ಟ. 2016ರಲ್ಲಿ ಅಲ್ಲಿ ಅದಕ್ಕೇ ಒಂದು ಕೇಂದ್ರ ತೆರೆಯಿತು. ಯಾರು ಬೇಕಾದರೂ ಹಳೆಯ ನಕಾಶೆಯೊಂದನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹಾಸಿ ನೋಡಬಹುದು. ಆದರೆ ಡಿಜಿಟಲ್ ಎಂದರೆ ಅಮರ ಎಂದೇನೂ ಅಲ್ಲ: 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿಯಾಗಿ ತಿಂಗಳುಗಟ್ಟಲೆ ಅದರ ಡಿಜಿಟಲ್ ಸಂಗ್ರಹ ಯಾರಿಗೂ ದಕ್ಕಲಿಲ್ಲ. ಕಪಾಟಿನಲ್ಲಿದ್ದ ಕಾಗದಕ್ಕೆ ಏನೂ ಆಗಲಿಲ್ಲ.

ಹಾಸಿ ನೋಡುವುದಕ್ಕೂ ಒಂದು ತೊಡಕಿದೆ. ಹಳೆಯ ಹಾಳೆಯ ಮೇಲೆ ಕನಿಷ್ಠ ಮೂರು ಜಾಗಗಳಾದರೂ ಇಂದಿನ ನೆಲದ ಮೇಲೆ ಇಂಥದ್ದೇ ಎಂದು ಖಚಿತವಾಗಬೇಕು. ರೆಸೆಂದೆಯ ಚಿತ್ರಕ್ಕೆ ಆ ಮೂರು ಜಾಗ ಹೇಳಬಲ್ಲವರು ಎವೋರಾದಲ್ಲೂ ಇಲ್ಲ, ಲಂಡನ್ನಿನಲ್ಲೂ ಇಲ್ಲ. ಹೊಳೆ ಎಲ್ಲಿ ಪಾತ್ರ ಬದಲಿಸಿತು, ಯಾವ ಕುದ್ರು ಮೊದಲಿಗೆ ದಂಡೆಗೆ ಅಂಟಿಕೊಂಡಿತ್ತು, ಯಾವ ತೋಟದಲ್ಲಿ ಅಗೆದರೆ ಕೆಂಪುಕಲ್ಲಿನ ಅಡಿಪಾಯ ಸಿಗುತ್ತದೆ ಎಂಬುದು ಗೊತ್ತಿರುವುದು ಇಲ್ಲಿಯ ದೋಣಿಯವರಿಗೆ, ಗೇಣಿಗೆ ದುಡಿದವರಿಗೆ, ಬಾವಿ ತೋಡುವವರಿಗೆ. ಊರಿನ ಶಾರದಾ ಕಾಲೇಜಿನ ಹುಡುಗರು ಒಂದು ಬೇಸಿಗೆ ರಜೆ ಕೊಟ್ಟರೆ ಈ ಪಟ್ಟಿ ಸಿದ್ಧವಾದೀತು. ‘ಅರಿವು ಕೇಂದ್ರ’ಗಳೆಂದು ಹೊಸ ಹೆಸರು ಪಡೆದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಎವೋರಾದ ಹಾಳೆಯ ದೊಡ್ಡ ಅಚ್ಚು ಪ್ರತಿಯನ್ನು ಗೋಡೆಗೆ ಹಾಕಲು ಖರ್ಚು ಒಂದು ಫ್ಲೆಕ್ಸ್‌ನಷ್ಟು. ಬಸ್ರೂರು ಮೂರ್ಕೈಯಲ್ಲಿ ಹುಟ್ಟುಹಬ್ಬದ ಶುಭಾಶಯಕ್ಕೆ ಅದಕ್ಕಿಂತ ದೊಡ್ಡವು ನಿಲ್ಲುತ್ತವೆ.

ತಾಲೂಕು ಕಚೇರಿಗಳ ಮಟ್ಟದಲ್ಲಿ ಕೆಲಸ ಶುರುವಾಗಿದೆ. ಕಂದಾಯ ಇಲಾಖೆ 2024ರಲ್ಲಿ ಕೈಗೆತ್ತಿಕೊಂಡ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಹಶೀಲ್ದಾರ್ ಕಚೇರಿಗಳ ದಾಖಲೆ ಕೊಠಡಿಯ ಕಡತಗಳನ್ನು ಹಾಳೆ ಹಾಳೆಯಾಗಿ ಸ್ಕ್ಯಾನ್ ಮಾಡಲಾಗುತ್ತಿದೆ. ಇದರ ಉದ್ದೇಶ ಇತಿಹಾಸವಲ್ಲ. ಪಾಲುಪಟ್ಟಿಯ ವ್ಯಾಜ್ಯ, ಜಮೀನಿಗೆ ತಾಗಿದ ಸರಕಾರಿ ನೆಲದ ಕುಮ್ಕಿ ಹಕ್ಕಿನ ತಕರಾರು, ತಿದ್ದಿದ ದಾಖಲೆಗಳ ಕಾಟ ತಪ್ಪಿಸುವುದು. ಪರವಾಗಿಲ್ಲ, ಬೊಕಾರೊನ ಪುಸ್ತಕವೂ ಇತಿಹಾಸಕ್ಕೆಂದು ಹುಟ್ಟಿದ್ದಲ್ಲ. ಸ್ಕ್ಯಾನ್ ಆದ ಹಾಳೆಗಳನ್ನು ಜಮೀನಿನ ವಾರಸುದಾರರಿಗೆ ಕೊಡುವಷ್ಟೇ ಸಲೀಸಾಗಿ ಅಧ್ಯಯನಕ್ಕೂ ತೆರೆಯುವ ನಿಯಮವೊಂದು ಬೇಕು. ಅಲ್ಲಿಯವರೆಗೆ ಬಸ್ರೂರಿನ ಕೇರಿಗಳನ್ನು ಹುಡುಕುವವರೂ ಬದುವಿನ ಜಗಳದವರ ಹಿಂದೆ ಅದೇ ಸಾಲಿನಲ್ಲಿ ನಿಂತು, ಸರ್ವೆ ನಂಬರ್ ಬರೆದು, ನಕಲಿನ ಶುಲ್ಕ ಕಟ್ಟಬೇಕು.